ಶಬ್ದವಿಚಾರ: ಗೋದಾಮಿಗೆ ಇಳಿಯುವುದೋ, ಏರುವುದೋ?

ಕಳೆದ ಸಂಚಿಕೆಯು ವಾಚಕರ ಕೈಸೇರಿದ ಕೆಲವೇ ದಿವಸಗಳಲ್ಲಿ ಹೊಸಪೇಟೆಯ ಗೃಹಿಣಿಯೊಬ್ಬರಿಂದ ನನಗೊಂದು ಕಾಗದ ಬಂದಿತು. ಅವರ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷಿನ ಮೂರು ಸಮಾಸಪದಗಳನ್ನು ಬಿಡಿಸಿ ಬರೆದು ತರುವಂತೆ ಹೇಳಿದ್ದರಂತೆ. ಹುಡುಗಿಯು ‘ರೈಲ್‌ವೇ’ ಎಂಬುದನ್ನು ಕಂಬಿ, ದಾರಿ ಎಂದು ಬಿಡಿಸಿದಳು. ‘ನೋಟ್‌ಬುಕ್’ ಎಂಬುದನ್ನು ಟಿಪ್ಪಣಿ, ಪುಸ್ತಕ ಎಂದು ಬಿಡಿಸಿದಳು. ಮೂರನೆಯದಾಗಿ ‘ಗೋಡೌನ್’ ಎಂಬುದನ್ನು ಹಿಡಿದು, ‘ಗೋ’ ಎಂದರೆ ಹೋಗು, ‘ಡೌನ್’ ಎಂದರೆ ಕೆಳಗೆ, ಆದುದರಿಂದ ಕೆಳಗೆ ಇಳಿದು ಹೋಗತಕ್ಕ ಸ್ಥಳ ಎಂದು ಬರೆದಳು. ಬರೆದ ಮೇಲೆ ಅವಳಿಗೇ ಸಂದೇಹ ಬಂದು, “ಅಮ್ಮಾ, ನಮ್ಮ ಬೀದಿಯ ಗೋದಾಮಿಗೆ ಮೆಟ್ಟಿಲು ಹತ್ತಿ ಹೋಗಬೇಕಲ್ಲ, ಇಳಿಯುವುದು ಎಲ್ಲಿ?” ಎಂದು ಕೇಳಿದಳಂತೆ. ತಾಯಿಗೆ ಉತ್ತರ ತೋಚಲಿಲ್ಲ. “ತಾವು ಮೇಷ್ಟರಾಗಿದ್ದವರು, ಸಂಸ್ಕೃತ ಬಲ್ಲವರು, ತಾವೇ ತಿಳಿಸಬೇಕು” ಎಂದು ಅವರು ಬರೆದಿರುತ್ತಾರೆ.

ಈ ಕಾಗದವನ್ನು ಓದಿದಾಗ ನನಗೆ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ಸುಮಾರು ಮೂವತ್ತು ವರ್ಷಗಳ ಕೆಳಗೆ ಇನ್ನೊಂದು ಮಗು ನನ್ನನ್ನೇ ಕೇಳಿತ್ತು. ನಾನು ತಪ್ಪು ಉತ್ತರವನ್ನು ಬಹಳ ಗಟ್ಟಿಯಾಗಿ ಹೇಳಿ ಅದರ ಬಾಯಿ ಮುಚ್ಚಿಸಿದ್ದೆ. ಆದಕಾರಣ ಈ ತಾಯಿಗೆ ಉತ್ತರ ಕೊಡುವುದಕ್ಕೆ ಮೊದಲು ಆ ಹಳೆಯ ಸಾಲದ ಕಥೆಯನ್ನು ವಾಚಕರ ಮುಂದೆ ಹೇಳುವುದು ನ್ಯಾಯ.

ಅದು 1996ರ ಚಳಿಗಾಲ. ನಾನು ಆಗ ಕಂಪ್ಲಿಯ ಕಡೆಯ ಒಂದು ಶಾಲೆಯಲ್ಲಿದ್ದೆ. ಕಾವ್ಯವ್ಯಾಕರಣಗಳನ್ನು ಓದಿ ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಕಂಡ ಶಬ್ದವನ್ನೆಲ್ಲ ಬಿಡಿಸಿ ನೋಡುವ ಚಪಲ ಆ ವಯಸ್ಸಿನದು. ಹುಡುಗರನ್ನು ಹಂಪೆಗೆ ಕರೆದುಕೊಂಡು ಹೋಗಿದ್ದೆ. ಅರಮನೆಯ ಆವರಣದಲ್ಲಿ ನೆಲದೊಳಗೆ ಕಲ್ಲಿನಿಂದ ಕಟ್ಟಿದ ಒಂದು ಕೋಣೆಯಿದೆ. ಹೋಗಿ ನೋಡಿದವರು ಬಲ್ಲರು. ಮೆಟ್ಟಿಲಿಳಿದು ಕತ್ತಲೆಯ ಇಕ್ಕಟ್ಟು ದಾರಿಯಲ್ಲಿ ಗೋಡೆ ತಡವಿಕೊಂಡು ಒಳಗೆ ಹೋಗಬೇಕು. ಹುಡುಗರೆಲ್ಲ ಇಳಿದ ಮೇಲೆ ನಾನು ನಿಂತು, “ನೀವು ಈಗ ಏನು ಮಾಡಿದಿರಿ? ಕೆಳಗೆ ಹೋದಿರಿ. ಇಂಗ್ಲಿಷಿನಲ್ಲಿ ಅದಕ್ಕೆ ಏನೆನ್ನುತ್ತಾರೆ? ‘ಗೋ ಡೌನ್’. ಹಿಂದಿನವರು ಸರಕನ್ನು ಇಂಥ ನೆಲಮಾಳಿಗೆಗಳಲ್ಲಿ ಇಡುತ್ತಿದ್ದರು. ಅದರಿಂದಲೇ ಗೋಡೌನ್ ಎಂಬ ಮಾತು ಹುಟ್ಟಿತು” ಎಂದು ಪಾಠ ಹೇಳಿದೆ. ಕತ್ತಲೆಯಲ್ಲಿ ನನ್ನ ದನಿ ಗೋಡೆಗೆ ಬಡಿದು ನನಗೇ ಬಹಳ ಗಂಭೀರವಾಗಿ ಕೇಳಿಸಿತು.

ಆಗ ಹಿಂದಿನಿಂದ ಒಬ್ಬ ಹುಡುಗ, “ಸಾರ್, ಗೋದಾಮಿಗೆ ಇಳಿಯೋದಿಲ್ಲ, ಏರ್ತಾರೆ. ನಮ್ಮಪ್ಪ ಚೀಲ ಹೊತ್ತು ಹಲಗಿ ಮೇಲೆ ಏರಿ ಹೋಗ್ತಾನೆ. ನಮ್ಮ ಅಮ್ಮಮ್ಮ ಅದಕ್ಕೆ ಗಿಡ್ಡಂಗಿ ಅಂತಾಳೆ” ಎಂದನು. ಅವನ ತಂದೆ ಕಂಪ್ಲಿಯ ಒಂದು ಅಕ್ಕಿಯ ಗೋದಾಮಿನಲ್ಲಿ ಹಮಾಲ. ಮನೆಮಾತು ತೆಲುಗು. ತೆಲುಗುಕನ್ನಡಗಳು ಒಂದೇ ಬೀದಿಯಲ್ಲಿ ಸಂಸಾರ ಮಾಡುವ ನಮ್ಮ ಸೀಮೆಯಲ್ಲಿ ಇದೇನು ವಿಶೇಷವಲ್ಲ.

ಹುಡುಗರಿಗೆ ‘ಗಿಡ್ಡಂಗಿ’ ಎಂಬುದು ‘ಗಿಡ್ಡ ಅಂಗಿ’ ಎಂದು ಕೇಳಿಸಿತು. ಅವನು ತೊಟ್ಟಿದ್ದುದೂ ಮೈಗೆ ಸಾಲದ ಅಂಗಿಯೇ. ಎಲ್ಲರೂ ಘೊಳ್ಳೆಂದು ನಕ್ಕರು. ಉಪಾಧ್ಯಾಯನಾದವನು ಅಲ್ಲಿ ನಗುವನ್ನು ತಡೆಯಬೇಕಾಗಿತ್ತು. ನಾನು, “ಭಲೇ! ಗಿಡ್ಡವಾದ ಅಂಗಿ ಗಿಡ್ಡಂಗಿ. ಸಂಧಿ ಲೋಪಸಂಧಿ, ಸಮಾಸ ಕರ್ಮಧಾರಯ” ಎಂದು ಇನ್ನೊಂದು ಒಗ್ಗರಣೆ ಹಾಕಿದೆ. ಅಂದಿನಿಂದ ಆ ಹುಡುಗನಿಗೆ ಅದೇ ಅಡ್ಡಹೆಸರಾಯಿತು. ಅಷ್ಟಕ್ಕೂ ಬಿಡದೆ, ಮರುದಿನ ಅವನಿಂದ ‘ಗೋಡೌನ್’ ಎಂಬ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ಸಲ ಬರೆಸಿದೆ. ಮನೆಯ ಅಪಶಬ್ದವನ್ನು ಶಾಲೆಗೆ ತರಬಾರದೆಂಬುದು ನನ್ನ ಅಭಿಪ್ರಾಯವಾಗಿತ್ತು.

ಇನ್ನು ನಾನು ಆ ತಪ್ಪು ನಿರ್ವಚನವನ್ನು ಏಕೆ ಅಷ್ಟು ಸುಲಭವಾಗಿ ನಂಬಿದೆನೆಂಬುದನ್ನು ಹೇಳಬೇಕು. ನಮ್ಮ ಕಡೆಯ ಜೋಳದ ಸೀಮೆಯಲ್ಲಿ ಹಗೇವು ಎಂಬುದೊಂದಿತ್ತು. ಗಟ್ಟಿನೆಲ ನೋಡಿ, ಬಾಯಿ ಕಿರಿದು, ಹೊಟ್ಟೆ ಅಗಲ ಬರುವಂತೆ ಹಳ್ಳ ತೋಡಿ, ಒಳಮೈಗೆ ಜೋಳದ ದಂಟನ್ನೂ ಹುಲ್ಲನ್ನೂ ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುವರು. ನಮ್ಮ ತಾತನ ಮನೆಯ ಮುಂದೆಯೂ ಒಂದಿತ್ತು. ಹಗೇವನ್ನು ತೆಗೆದ ದಿವಸ ಯಾರೂ ತಟ್ಟನೆ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವರು. ದೀಪ ನಂದಿದರೆ ಮನುಷ್ಯ ಇಳಿಯಕೂಡದು. ಕಾಳೂ ಉಸಿರಾಡುವ ವಸ್ತುವಾದ್ದರಿಂದ, ಮುಚ್ಚಿದ ಹಗೇವಿನೊಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ. ಅದರಿಂದ ಹುಳು ಸತ್ತು ಕಾಳು ಉಳಿಯುತ್ತದೆ. ಅವಸರದಿಂದ ಇಳಿದ ಮನುಷ್ಯನಿಗೂ ಹುಳುವಿನ ಗತಿಯೇ. ಹೀಗೆ ಧಾನ್ಯವೆಂದರೆ ‘ಇಳಿಯುವುದು’ ಎಂಬ ಭಾವನೆ ನನಗೆ ಬಾಲ್ಯದಿಂದಲೇ ಬಂದಿತ್ತು. ‘ಗೋ ಡೌನ್’ ಎಂದೊಡನೆ ನನ್ನ ಕಣ್ಣೆದುರು ಹಗೇವು ನಿಂತಿತು. ಇಂಗ್ಲಿಷಿನ ಮಾತಿಗೆ ನಮ್ಮ ತಾತನ ಅಂಗಳದಲ್ಲಿ ಸಾಕ್ಷಿ ದೊರೆತಂತಾಯಿತು. ತಪ್ಪು ವ್ಯುತ್ಪತ್ತಿಗಳು ಬಾಳುವುದು ಹೀಗೆಯೇ. ಅವು ಪೂರ್ತಿ ಅಸಂಬದ್ಧವಾಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆದರೆ ಸ್ವಲ್ಪ ವಿಚಾರಮಾಡಿದ್ದರೆ ಆಗಲೇ ನನಗೆ ಹೊಳೆಯಬೇಕಾದ ಸಂಗತಿಗಳು ಎರಡಿದ್ದವು. ಮೊದಲನೆಯದು ವ್ಯಾಕರಣದ್ದು. ಇಂಗ್ಲಿಷಿನಲ್ಲಿ ‘ಡೌನ್’ ಎಂಬುದನ್ನು ಕೊನೆಗಿಟ್ಟುಕೊಂಡ ಸಮಾಸಗಳನ್ನು ನೋಡಿರಿ. ‘ಬ್ರೇಕ್‌ಡೌನ್’ ಎಂದರೆ ಕೆಟ್ಟು ನಿಲ್ಲುವಿಕೆ. ‘ಸನ್‌ಡೌನ್’ ಎಂದರೆ ಸೂರ್ಯ ಮುಳುಗುವ ಹೊತ್ತು. ಇವು ಕ್ರಿಯೆಯನ್ನೋ ಕಾಲವನ್ನೋ ಹೇಳುತ್ತವೆಯೇ ಹೊರತು ಕಟ್ಟಡವನ್ನು ಹೇಳುವುದಿಲ್ಲ. ಆ ಕ್ರಮದಲ್ಲಿ ‘ಗೋಡೌನ್’ ಎಂದರೆ ‘ಇಳಿಯುವಿಕೆ’ ಎಂದಾಗಬೇಕಾಗಿತ್ತು. ಎರಡನೆಯದು ಲೋಕವ್ಯವಹಾರದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರು ಸರಕಿನ ಮನೆಗೆ ‘ವೇರ್‌ಹೌಸ್’ ಎನ್ನುತ್ತಾರೆ. ‘ಗೋಡೌನ್’ ಎಂಬುದು ಪೂರ್ವದೇಶಗಳಲ್ಲಿ, ಎಂದರೆ ನಮ್ಮಲ್ಲಿ, ಮಲಯದಲ್ಲಿ, ಚೀನಾದ ರೇವುಗಳಲ್ಲಿ ಓಡಾಡಿದ ಮಾತು. ತನ್ನ ಸ್ವಂತ ಊರಿನಲ್ಲಿಯೇ ಬಳಕೆಯಿಲ್ಲದ ಮಾತು ಆ ಊರಿನದೆಂದು ನಂಬುವುದು ಹೇಗೆ? ನಾನು ಪದದ ವಿಗ್ರಹ ಮಾಡಿದೆ, ವಿಚಾರ ಮಾಡಲಿಲ್ಲ.

ಇದೆಲ್ಲ ನನಗೆ ತಿಳಿದುಬಂದುದು ಕೆಲವು ವರ್ಷಗಳ ಕೆಳಗೆ, ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಎಂಬಿಬ್ಬರು ಕೂಡಿಸಿದ ಒಂದು ದೊಡ್ಡ ಕೋಶವನ್ನು ತಿರುವುತ್ತಿದ್ದಾಗ. 1886ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಇಂಡಿಯಾದ ಇಂಗ್ಲಿಷರು ಆಡುತ್ತಿದ್ದ ಮಾತುಗಳ ಮೂಲಗಳಿವೆ. ಬರ್ನೆಲ್ ಎಂಬಾತನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ಸಂಸ್ಕೃತದಲ್ಲಿ ಗಟ್ಟಿಗ. ಕೋಶದ ಹೆಸರು ‘ಹಾಬ್ಸನ್-ಜಾಬ್ಸನ್’. ಇದು ಯಾರೋ ಇಬ್ಬರು ದೊರೆಗಳ ಹೆಸರೆಂದು ನಾನು ತಿಳಿದಿದ್ದೆ. ನಮ್ಮ ಬಳ್ಳಾರಿ ಹೊಸಪೇಟೆಗಳ ಕಡೆ ಎಲ್ಲ ಜಾತಿಯವರೂ ಕೂಡಿ ಮಾಡುವ ಮೊಹರಮ್ಮಿನಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗನ್ನು ಕೇಳದವರಿಲ್ಲ. ಆ ಕೂಗು ಗೋರಾ ಸಿಪಾಯಿಗಳ ಕಿವಿಗೆ ‘ಹಾಬ್ಸನ್ ಜಾಬ್ಸನ್’ ಎಂದು ಕೇಳಿಸಿತಂತೆ! ಕೇಳಿಸಿದ ಅನ್ಯಶಬ್ದವನ್ನು ಕಿವಿಯು ತನಗೆ ಪರಿಚಯವಿದ್ದ ಹೆಸರಿನ ಅಚ್ಚಿನಲ್ಲಿ ಎರಕ ಹೊಯ್ದುಕೊಂಡಿತು. ಇಡೀ ಕೋಶದ ತತ್ತ್ವ ಅದರ ಹೊದಿಕೆಯ ಮೇಲೆಯೇ ಇದೆ.

ಆ ಕೋಶದಲ್ಲಿ ‘ಗೋಡೌನ್’ ಎಂಬಲ್ಲಿ ಬೆರಳಿಟ್ಟು ಓದಿದೆ. ಮಲಯ ಭಾಷೆಯಲ್ಲಿ ಸರಕಿನ ಮನೆಗೆ ‘ಗುದಂಗ್’ ಎನ್ನುತ್ತಾರೆ. ಅದು ಅಲ್ಲಿಗೆ ಹೋದುದು ದಕ್ಷಿಣ ಹಿಂದೂಸ್ಥಾನದಿಂದ. ತಮಿಳಿನಲ್ಲಿ ‘ಕಿಡಂಗು’, ತೆಲುಗಿನಲ್ಲಿ ‘ಗಿಡಂಗಿ’, ‘ಗಿಡ್ಡಂಗಿ’ ಎಂದು ಅಲ್ಲಿ ಬರೆದಿತ್ತು. ನಾನು ಪುಸ್ತಕವನ್ನು ಮುಚ್ಚಿದೆ. ಹಂಪೆಯ ಆ ಕತ್ತಲೆಯ ಕೋಣೆಯೂ ಹುಡುಗರ ನಗುವೂ ಒಮ್ಮೆಲೇ ನೆನಪಿಗೆ ಬಂದವು. ಒಬ್ಬ ಹಮಾಲನ ಅತ್ತೆ ಆಡಿದ ಮಾತು ಮೂಲ, ಮೇಷ್ಟ್ರು ಹತ್ತು ಸಲ ಬರೆಸಿದ್ದು ಅದರ ಅಪಭ್ರಂಶ!

ಈಗ ಶಬ್ದದ ಒಳಗನ್ನು ನೋಡೋಣ. ತಮಿಳಿನಲ್ಲಿ ‘ಕಿಡ’ ಎಂಬ ಧಾತುವಿಗೆ ಬಿದ್ದಿರು, ಮಲಗಿರು ಎಂದರ್ಥ. ಸರಕು ಬಿದ್ದಿರುವ ಜಾಗ ಕಿಡಂಗು. ನಮ್ಮ ಹಳಗನ್ನಡದಲ್ಲಿ ‘ಕೆಡೆ’ ಎಂದರೆ ಬೀಳು. ಕಾವ್ಯ ಓದಿದವರಿಗೆ ರಣರಂಗದಲ್ಲಿ ಕೆಡೆದವರ ಪರಿಚಯ ಉಂಟು. ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮುಖಚಹರೆಯ ಹೋಲಿಕೆ ಯಾರಿಗಾದರೂ ಕಾಣುತ್ತದೆ. ಹೆಂಡದಂಗಡಿಗೆ ನಾವು ಹೇಳುವ ‘ಗಡಂಗು’ ಎಂಬ ಮಾತೂ ಇದೇ ಬಳಗದ್ದೆಂದು ನನ್ನ ಊಹೆ. ಅಲ್ಲಿ ಸರಕಿನ ಜೊತೆಗೆ ಕೊಂಡವರೂ ಬಿದ್ದಿರುವುದುಂಟು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸಂತೆಯ ದಿವಸ ಹೊಸಪೇಟೆಯ ಬೆಲ್ಲದ ವ್ಯಾಪಾರಿಯ ಬಳಿ ನಿಂತು ಕೇಳಿರಿ. “ವ್ಯಾಪಾರ ಹೇಗಿದೆ?” ಎಂದರೆ, “ಏನು ಹೇಳಲಿ ಸ್ವಾಮಿ, ಮಾಲೆಲ್ಲ ಗೋದಾಮಿನಲ್ಲಿ ಬಿದ್ದಿದೆ” ಎನ್ನುತ್ತಾನೆ. ಸಂಡೂರಿನ ದಾರಿಯಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಕಬ್ಬಿಣದ ಅದಿರನ್ನು ತೋರಿಸಿ ಕೇಳಿದರೆ ಲಾರಿಯವನೂ “ಅದಿರು ಹಾಗೇ ಬಿದ್ದಿದೆ” ಎನ್ನುವನು. ದುಡ್ಡು ಬ್ಯಾಂಕಿನಲ್ಲಿ ಬಿದ್ದಿರುತ್ತದೆ, ಭತ್ತ ಕಣದಲ್ಲಿ ಬಿದ್ದಿರುತ್ತದೆ. ಮಾರಾಟವಾಗದೆ ಕಾದಿರುವುದಕ್ಕೆ ‘ಬಿದ್ದಿರುವುದು’ ಎನ್ನುವುದು ನಮ್ಮ ನುಡಿಗಟ್ಟು. ಆ ಹಳೆಯ ಧಾತುವಿನ ಅರ್ಥವನ್ನು ನಮ್ಮ ವರ್ತಕರು ದಿನವೂ ಬೆಳಗ್ಗೆ ತಾವೇ ಅರಿಯದೆ ವ್ಯಾಖ್ಯಾನಮಾಡುತ್ತಿರುತ್ತಾರೆ.

ಇನ್ನು ಈ ಮಾತು ಕಡಲು ದಾಟಿದುದು ಹೇಗೆ? ಪೂರ್ವ ಕರಾವಳಿಗೂ ಸುಮಾತ್ರ, ಜಾವಾ, ಮಲಯಗಳಿಗೂ ಬಹು ಪುರಾತನವಾದ ವ್ಯಾಪಾರದ ಹಾದಿಯಿತ್ತು. ಸುಮಾತ್ರದ ಬಾರುಸ್ ಎಂಬಲ್ಲಿ 1088ರ ಒಂದು ತಮಿಳು ಶಾಸನವಿದೆ. ಅದನ್ನು ಹಾಕಿಸಿದವರು ಐನೂರ್ವರು ಎಂಬ ವರ್ತಕಸಂಘದವರು. ಕನ್ನಡ ಶಾಸನಗಳನ್ನು ಓದಿದವರಿಗೆ ಇವರು ಅಪರಿಚಿತರಲ್ಲ. ಇವರೇ ಅಯ್ಯಾವೊಳೆಯ ಐನೂರ್ವರು, ನಮ್ಮ ಬಾಗಲಕೋಟೆಯ ಐಹೊಳೆಯ ಹೆಸರನ್ನು ಹೊತ್ತವರು. ಹಾದಿಯಲ್ಲಿ ವ್ಯಾಪಾರಿ ನಡೆದರೆ ಅವನ ಮೂಟೆಯ ಜೊತೆಗೆ ಅವನ ಮಾತೂ ನಡೆಯುತ್ತದೆ. ಮಲಯದವರು ಇಂದಿಗೂ ಅಂಗಡಿಗೆ ‘ಕೆದಾಯ್’ ಎನ್ನುತ್ತಾರೆ, ಅದು ತಮಿಳಿನ ‘ಕಡೈ’. ಹಡಗಿಗೆ ‘ಕಪಾಲ್’ ಎನ್ನುತ್ತಾರೆ, ಅದು ‘ಕಪ್ಪಲ್’. ‘ಪೆಟಿ’ ಎನ್ನುತ್ತಾರೆ, ಅದು ‘ಪೆಟ್ಟಿ’, ನಮ್ಮ ಪೆಟ್ಟಿಗೆ. ಹಡಗು ಹೋಯಿತು, ಪೆಟ್ಟಿಗೆ ಹೋಯಿತು, ಅಂಗಡಿ ಹೋಯಿತು, ಅವುಗಳ ಹಿಂದೆ ಗಿಡ್ಡಂಗಿಯೂ ಹೋಯಿತು.

ಪೋರ್ತುಗೀಸರು 1511ರಲ್ಲಿ ಮಲಕ್ಕಾ ಪಟ್ಟಣವನ್ನು ಹಿಡಿದರು. ಲವಂಗ, ಜಾಯಿಕಾಯಿ, ಜಾಪತ್ರೆ, ಶ್ರೀಗಂಧಗಳಿಂದ ತುಂಬಿದ ಸರಕಿನ ಮನೆಗಳನ್ನು ಅವರು ಪೂರ್ವದೇಶಗಳಲ್ಲಿ ಕಂಡರು. ಅಲ್ಲಿಯ ಜನರ ಬಾಯಿಂದ ಆ ಹೆಸರನ್ನು ಕಲಿತು ‘ಗುದಾಂವ್’ ಎಂದು ತಮ್ಮ ಚರಿತ್ರೆಗಳಲ್ಲಿ ಬರೆದರು.

ಇಲ್ಲಿ ಹಂಪೆಯವರಾದ ನಮಗೆ ಆಶ್ಚರ್ಯವೆನಿಸುವ ಒಂದು ಸಂಗತಿಯಿದೆ. ವೆನಿಸಿನ ಚೇಸರೆ ಫೆದೆರಿಚಿ ಎಂಬ ವರ್ತಕನ ಹೆಸರನ್ನು ವಿಜಯನಗರದ ಇತಿಹಾಸ ಓದಿದವರೆಲ್ಲ ಬಲ್ಲರು. 1565ರ ಯುದ್ಧದಲ್ಲಿ ರಾಜಧಾನಿಯು ಹಾಳಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ಅವನು ಇಲ್ಲಿಗೆ ಬಂದನು. ಒಂದು ತಿಂಗಳಿನಲ್ಲಿ ಮುಗಿಯುವ ಕೆಲಸಕ್ಕೆ ಏಳು ತಿಂಗಳು ನಿಂತನು. ದಾರಿಯಲ್ಲಿ ಕಳ್ಳರ ಹಾವಳಿಯಿದ್ದುದರಿಂದ ಹೊರಡುವಂತಿರಲಿಲ್ಲ. ಆಮೇಲೆ ಅವನು ಬರ್ಮಾದ ಪೆಗು ಪಟ್ಟಣಕ್ಕೆ ಹೋಗಿ, 1569ರ ಹೊತ್ತಿಗೆ ಅಲ್ಲಿದ್ದನು. ಅಲ್ಲಿಯ ಮನೆಗಳೆಲ್ಲ ಬಿದಿರಿನವು. ಬೆಂಕಿ ಬಿದ್ದರೆ ಊರೇ ಬೂದಿ. ಆದುದರಿಂದ ವರ್ತಕರು ಬೆಲೆಬಾಳುವ ಸರಕನ್ನು ಇಡುವುದಕ್ಕೆಂದು ಇಟ್ಟಿಗೆಯ ಕೋಠಿಯೊಂದನ್ನು ಇಟ್ಟುಕೊಂಡಿದ್ದರೆಂದೂ ಅದಕ್ಕೆ ‘ಗೋದೋನ್’ ಎಂದು ಹೆಸರೆಂದೂ ಅವನು ಬರೆದಿದ್ದಾನೆ. ಅವನ ಪುಸ್ತಕ ವೆನಿಸಿನಲ್ಲಿ 1587ರಲ್ಲಿ ಅಚ್ಚಾಯಿತು, ಮರುವರ್ಷವೇ ಇಂಗ್ಲಿಷಿಗೆ ಬಂದಿತು. ಇಂಗ್ಲಿಷಿನಲ್ಲಿ ಈ ಪದಕ್ಕೆ ದೊರೆಯುವ ಬಹಳ ಹಳೆಯ ಸಾಕ್ಷಿಗಳಲ್ಲಿ ಇದೊಂದು. ಹಂಪೆಯ ಹಾಳುಬೀದಿಗಳಲ್ಲಿ ಏಳು ತಿಂಗಳು ಓಡಾಡಿದ ಆ ಮನುಷ್ಯನೇ ಈ ಮಾತನ್ನು ಇಂಗ್ಲಿಷರ ಕಿವಿಗೆ ಹಾಕಿದವರಲ್ಲಿ ಒಬ್ಬನಾದನು. ಅವನು ಕಂಡ ಗೋದೋನ್ ನೆಲದೊಳಗಿನ ಗುಹೆಯಲ್ಲ, ನೆಲದ ಮೇಲೆ ಇಟ್ಟಿಗೆಯಿಂದ ಕಟ್ಟಿದ ಮನೆ. ಪದದಲ್ಲಿಯೂ ಆಗ ‘ಡೌನ್’ ಇರಲಿಲ್ಲ. ಇಂಗ್ಲಿಷರ ಬಾಯಲ್ಲಿ ಹೊರಳಿ ಹೊರಳಿ, ಅವರಿಗೆ ಪರಿಚಿತವಾದ ಎರಡು ಮಾತುಗಳ ಆಕಾರವನ್ನು ಅದು ಆಮೇಲೆ ತಾಳಿತು.

ಅಲ್ಲಿಂದ ಮುಂದಿನ ಕಥೆ ಸಣ್ಣದು. ಕುಂಪಣಿಯವರ ಕೋಠಿಗಳೊಡನೆ ಈ ಮಾತು ನಮ್ಮ ರೇವುಗಳಿಗೆ ತಿರುಗಿ ಬಂದಿತು. ಹಿಂದೂಸ್ಥಾನಿಯವರು ಅದನ್ನು ‘ಗುದಾಮ್’, ‘ಗೋದಾಮ್’ ಎಂದರು. ನಾವು ‘ಗೋದಾಮು’ ಎಂದೆವು, ‘ಗೋಡೌನು’ ಎಂದೂ ಎಂದೆವು. ಮನೆಯ ಮಗ ಚಿಕ್ಕಂದಿನಲ್ಲಿ ಪರದೇಶಕ್ಕೆ ಹೋಗಿ, ಬಹುಕಾಲದ ಮೇಲೆ ಟೋಪಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರೆ, ಹೆತ್ತವಳೇ ಗುರುತು ಸಿಕ್ಕದೆ “ಯಾರು ಬೇಕಾಗಿತ್ತು, ದೊರೆ?” ಎಂದು ಕೇಳಿದಂತಾಯಿತು ನಮ್ಮ ಪಾಡು.

ನನ್ನ ಇನ್ನೊಂದು ಅಪರಾಧವನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಒಂದು ಕಾಲದಲ್ಲಿ ನಾನು ‘ಗೋದಾಮು’ ಎಂಬುದಕ್ಕೆ ‘ಗೋಧಾಮ’ ಎಂಬ ಸಂಸ್ಕೃತ ಮೂಲವನ್ನು ಕಲ್ಪಿಸಿ, ಗೋವುಗಳ ಧಾಮ, ಷಷ್ಠೀ ತತ್ಪುರುಷ, ಮೊದಲು ದನದ ಕೊಟ್ಟಿಗೆ, ಆಮೇಲೆ ಕಾಳಿನ ಕೊಟ್ಟಿಗೆ ಎಂದು ಗೆಳೆಯರ ಕೂಟಗಳಲ್ಲಿ ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ‘ಗೋ ಡೌನ್’ ಎಂದ ಗೋರಾ ಸಿಪಾಯಿಗೂ ‘ಗೋಧಾಮ’ ಎಂದ ನನಗೂ ‘ಗಿಡ್ಡ ಅಂಗಿ’ ಎಂದ ಹುಡುಗರಿಗೂ ವ್ಯತ್ಯಾಸವೇನೂ ಇಲ್ಲ. ಮೂವರೂ ತಮ್ಮ ತಮ್ಮ ಕೈಲಿದ್ದ ಬೀಗದ ಕೈಯನ್ನೇ ಆ ಬೀಗಕ್ಕೆ ತುರುಕಿದವರು. ನನ್ನದು ಸಂಸ್ಕೃತದ ಕೈ ಎಂಬುದರಿಂದ ಬಾಗಿಲು ತೆರೆಯುವುದಿಲ್ಲ. ಪಾಣಿನಿಯು ನಿಯಮಕ್ಕೆ ಒಗ್ಗದ ಶಬ್ದಗಳಿಗೆ ಪೃಷೋದರಾದಿ ಎಂದು ಒಂದು ಗುಂಪನ್ನೇ ಮಾಡಿ, ಬಲ್ಲವರು ಹೇಳಿದಂತೆ ಅವು ಇದ್ದಹಾಗೆಯೇ ಇರಲಿ ಎಂದು ಬಿಟ್ಟನು. ಅಂಥ ಮಹಾನುಭಾವನಿಗಿದ್ದ ತಾಳ್ಮೆ ನಮಗಿಲ್ಲದೆ ಹೋಯಿತು. ಇಲ್ಲಿ ಬಲ್ಲವಳು ಯಾರೆಂಬುದೂ ನನಗೆ ಅಂದು ತಿಳಿಯಲಿಲ್ಲ.

ಕಳೆದ ಡಿಸೆಂಬರಿನಲ್ಲಿ ನನ್ನ ತಮ್ಮನ ಗದ್ದೆಯ ಭತ್ತ ಮನೆಗೆ ಬಂದಿತು. ಒಕ್ಕಣೆಯ ಕಾಲದಲ್ಲಿ ಎಲ್ಲರೂ ಒಮ್ಮೆಲೇ ಮಾರಹೊರಡುವುದರಿಂದ ಧಾರಣೆ ಇಳಿಯುವುದು ವಾಡಿಕೆ. ಕೆಲವು ಕಾಲ ಇಟ್ಟು ನೋಡೋಣವೆಂದು ನಾವಿಬ್ಬರೂ ಕಂಪ್ಲಿಯ ಒಂದು ಗೋದಾಮಿಗೆ ಹೋದೆವು. ಹೊರಗೆ ಹಲಗೆಯ ಮೇಲೆ ‘ಉಗ್ರಾಣ’ ಎಂದು ಬರೆದಿತ್ತು. ಕೊಡುವ ರಸೀದಿಯಲ್ಲಿ ‘ವೇರ್‌ಹೌಸ್’ ಎಂದು ಅಚ್ಚಾಗಿತ್ತು. ಚೀಲ ಇಳಿಸುತ್ತಿದ್ದವರು ‘ಗೋದಾಮು’ ಎನ್ನುತ್ತಿದ್ದರು. ಕಟ್ಟೆ ಲಾರಿಯ ಹಲಗೆಯ ಮಟ್ಟಕ್ಕೆ ಎತ್ತರವಾಗಿತ್ತು. ನೆಲದ ತೇವವೂ ಮಳೆಯ ನೀರೂ ಮೂಟೆಗೆ ತಾಗಬಾರದೆಂದು ಹಾಗೆ ಕಟ್ಟುತ್ತಾರೆ. ಎಪ್ಪತ್ತೈದು ಕಿಲೋ ತೂಕದ ಭತ್ತದ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಒಬ್ಬ ಹಮಾಲನು ಹಲಗೆಯ ಮೇಲೆ ಏರಿ ಒಳಗೆ ಹೋದನು. ‘ಇಳಿಯೋದಿಲ್ಲ, ಏರ್ತಾರೆ’ ಎಂಬ ಮಾತು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಮೇಜಿನ ಹಿಂದೆ ಲೆಕ್ಕ ಬರೆಯುತ್ತಿದ್ದ ನಡುವಯಸ್ಸಿನವನು ತಲೆಯೆತ್ತಿ ನೋಡಿ, ಎದ್ದು ನಿಂತು, “ಬರ್ರಿ ಸಾರ್, ಕುಂದರ್ರಿ” ಎಂದನು. ಮುಖ ನೋಡಿದೆ. ಅವನೇ. ಇಷ್ಟು ವರ್ಷ ಕಾದಿದ್ದ ಮಾತನ್ನು ಆಗ ಆಡದಿದ್ದರೆ ಇನ್ನೆಂದೂ ಆಡಲಾರೆನೆಂದು ತೋರಿತು. ತಮ್ಮನ ಎದುರಿಗೇ ಅವನಿಗೆ ಎಲ್ಲವನ್ನೂ ಹೇಳಿದೆ. ತಮಿಳಿನ ಕಿಡಂಗು, ಮಲಯದ ಗುದಂಗ್, ವೆನಿಸಿನ ವರ್ತಕ, ಅಚ್ಚಾದ ಕೋಶ ಎಲ್ಲವನ್ನೂ. ಕೊನೆಗೆ, “ಅಂದು ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಿನ್ನನ್ನು ನಗೆಪಾಟಲು ಮಾಡಿದ್ದು ಇನ್ನೂ ದೊಡ್ಡ ತಪ್ಪು” ಎಂದೆ.

ಅವನು ಸ್ವಲ್ಪ ಹೊತ್ತು ಲೇಖನಿಯನ್ನು ತಿರುವುತ್ತ ಕುಳಿತನು. “ಹೆಸರು ಹೋಗ್ಲಿ ಬಿಡ್ರಿ ಸಾರ್. ಕೆಲವು ಹಮಾಲರು ಈಗಲೂ ನನ್ನ ಗಿಡ್ಡಂಗಿ ಅಂತಲೇ ಕರೀತಾರ. ಕೂತಿರೋದೂ ಗಿಡ್ಡಂಗಿಯಾಗ, ಒಪ್ಪತೈತಿ” ಎಂದು ನಕ್ಕನು. ಅನಂತರ ದನಿ ತಗ್ಗಿಸಿ, “ಆದ್ರ ನಮ್ಮ ಅಮ್ಮಮ್ಮ ಆವತ್ತಿನಿಂದ ಆ ಮಾತು ಬಿಟ್ಟಳು ಸಾರ್. ನಾ ಮನಿಯಾಗ ಕೂತು ಹತ್ತು ಸಲ ಬರೆಯೋದು ನೋಡಿದ್ಲು. ಯಾಕಂತ ಕೇಳಿದ್ಲು, ಹೇಳಿದೆ. ನನ್ನ ಬಾಯಿಂದ ಹುಡುಗಗೆ ಮತ್ತ ಶಿಕ್ಷೆ ಆಗಬಾರದು ಅಂತ ಗೋಡೌನು ಅನ್ನಾಕ ಕಲ್ತಳು. ಬಾಯಿ ತಿರುಗ್ತಿರಲಿಲ್ಲ, ‘ಗೋದೋನು, ಗೋದೋನು’ ಅಂತಿದ್ಲು. ಕೊನೀತನಕ ಹಂಗೇ ಅಂದ್ಲು” ಎಂದನು.

ಗೋದೋನು! ಫೆದೆರಿಚಿಯು ಪೆಗುವಿನಲ್ಲಿ ಕೇಳಿ ಬರೆದಿಟ್ಟ ರೂಪವದು. ಆದರೆ ಆ ವಿದ್ವತ್ತಿನ ಮಾತನ್ನು ಅಲ್ಲಿ ಆಡುವುದಕ್ಕೆ ನನಗೆ ನಾಲಗೆ ಏಳಲಿಲ್ಲ. ಆ ಮುದುಕಿಯು ಓದುಬರೆಹ ಬಲ್ಲವಳಲ್ಲ. ತನ್ನ ತಾಯಿಯಿಂದ, ಅವಳ ತಾಯಿಯಿಂದ ಬಂದ ಒಂದು ಮಾತನ್ನು ಜತನವಾಗಿ ಇಟ್ಟುಕೊಂಡಿದ್ದಳು. ಅದನ್ನು ಅವಳು ಮರೆತು ಕಳೆದುಕೊಳ್ಳಲಿಲ್ಲ, ಮೊಮ್ಮಗನ ಮೇಲಣ ಪ್ರೀತಿಯಿಂದ ತಾನಾಗಿಯೇ ಬಿಟ್ಟುಕೊಟ್ಟಳು. ಅದನ್ನು ಬಿಡಿಸಿದವನು ನಾನು. ಹಮಾಲನ ಮನೆಯಲ್ಲಿ ಬಿದ್ದಿದ್ದ ಹಳೆಯ ಸರಕಿನ ಬೆಲೆ ತಿಳಿಯದೆ ಅದನ್ನು ಹೊರಗೆ ಎಸೆಸಿದಂತಾಯಿತು. ಅವಳ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳೋಣವೆಂದರೆ ಅವಳು ಈಗ ಇಲ್ಲ.

ಪತ್ರ ಬರೆದ ತಾಯಿಯವರಿಗೆ ನನ್ನ ಉತ್ತರ ಇಷ್ಟು. ತಮ್ಮ ಮಗಳು ಮೊದಲೆರಡು ಪದಗಳನ್ನು ಸರಿಯಾಗಿ ಬಿಡಿಸಿದ್ದಾಳೆ. ಮೂರನೆಯದು ಸಮಾಸವೇ ಅಲ್ಲ, ಸಮಾಸದ ವೇಷ ಹಾಕಿದ ದಕ್ಷಿಣದೇಶದ ಹಳೆಯ ಮಾತು. ಅದರ ಅರ್ಥ ಸರಕು ಬಿದ್ದಿರುವ ಸ್ಥಳ. ಆದುದರಿಂದ ಅದನ್ನು ಹೊಡೆದುಹಾಕಿ ಬೇರೊಂದು ಪದವನ್ನು ಬರೆಯಲಿ. ಆದರೆ ಮೆಟ್ಟಿಲು ಹತ್ತಬೇಕಲ್ಲ ಎಂದು ಅವಳು ಕೇಳಿದ ಪ್ರಶ್ನೆಯನ್ನು ಮಾತ್ರ ಹೊಡೆದುಹಾಕಬಾರದು. ಪುಸ್ತಕದಲ್ಲಿ ಬರೆದುದಕ್ಕೂ ಕಣ್ಣಿಗೆ ಕಂಡುದಕ್ಕೂ ಹೊಂದದೆ ಹೋದಾಗ ಕೇಳುವ ಮಗುವನ್ನು ಉಪಾಧ್ಯಾಯರು ತಡೆದರೂ ತಾಯಂದಿರು ತಡೆಯಬಾರದು.

ಗೃಹಸ್ಥರಾದ ಇತರ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯಲ್ಲಿ ಅಜ್ಜಿಯೋ ಅಮ್ಮಮ್ಮನೋ ದೊಡ್ಡಮ್ಮನೋ ಇದ್ದರೆ, ಅವರು ಕಾಳು ಕಡ್ಡಿ, ಪಾತ್ರೆ ಪದಾರ್ಥ, ಕೋಣೆ ಕೊಟ್ಟಿಗೆಗಳಿಗೆ ಹೇಳುವ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಅವು ತೆಲುಗಿನವಾಗಲಿ, ಲಂಬಾಣಿಯವಾಗಲಿ, ದಖ್ಖನಿ ಉರ್ದುವಿನವಾಗಲಿ, ತಿದ್ದುವುದಕ್ಕೆ ಅವಸರಪಡಬೇಡಿರಿ. ಮೊದಲು ಕೇಳಿ ಬರೆದುಕೊಳ್ಳಿರಿ, ಕೋಶಗಳನ್ನು ಆಮೇಲೆ ನೋಡಬಹುದು. ಅಂಥ ಮಾತುಗಳನ್ನು ನನಗೆ ಬರೆದು ಕಳುಹಿಸಿದರೆ ಈ ಪುಟದಲ್ಲಿ ಒಂದೊಂದಾಗಿ ವಿಚಾರ ಮಾಡೋಣ.

ಇನ್ನೊಂದು ಮಾತು. ಆ ಹುಡುಗನಿಂದ ನಾನು ಹತ್ತು ಸಲ ಬರೆಸಿದ್ದೆನಷ್ಟೆ. ಬೇಸರವಿಲ್ಲದವರು ಎಣಿಸಿ ನೋಡಬಹುದು. ‘ಗಿಡ್ಡಂಗಿ’ ಎಂಬ ಮಾತನ್ನು ಈ ತಿಂಗಳ ಪುಟದಲ್ಲಿ ನಾನು ಸರಿಯಾಗಿ ಎಂಟು ಸಲ ಬರೆದಿದ್ದೇನೆ. ಒಂಬತ್ತನೆಯದೂ ಹತ್ತನೆಯದೂ ಇವು: ಗಿಡ್ಡಂಗಿ, ಗಿಡ್ಡಂಗಿ.